ಬರಿಗಾಲು, ಬೂಟು, ನೆಲ
ನಮ್ಮವರು ಬಡತನದಿಂದಷ್ಟೇ ಬರಿಗಾಲಲ್ಲಿ ಫುಟ್‌ಬಾಲ್ ಆಡಿದರೆಂಬುದು ಅರ್ಧಸತ್ಯ. ಕಾಲಿಗೆ ಏನು ಬೇಕೆಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ನೆಲ. 1911ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡದ ಹತ್ತು ಮಂದಿ ಬರಿಗಾಲಲ್ಲೇ ಆಡಿದರು. ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ 2-1ರಿಂದ ಸೋತಿತು. ಒಣನೆಲದಲ್ಲಿ ಚೆಂಡು ಬೆರಳಿನ ಮಾತು ಕೇಳುತ್ತದೆ. ಹರಡು ಮುಚ್ಚುವ ಅಂದಿನ ದಪ್ಪ ಚರ್ಮದ ಬೂಟಿನಲ್ಲಿ ಆ ಸೂಕ್ಷ್ಮ ಎಲ್ಲಿಂದ ಬರಬೇಕು?

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ, ಬಹುಪಾಲು ಬರಿಗಾಲಲ್ಲೇ ಆಡಿದ ನಮ್ಮನ್ನು ಯುಗೋಸ್ಲಾವಿಯ 10-1ರಿಂದ ಬಗ್ಗುಬಡಿಯಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಗೆದ್ದದ್ದು ಆ ಕೂಟದ ಬೆಳ್ಳಿಪದಕದ ತಂಡ, ಬರಿಗಾಲನ್ನೇಕೆ ದೂರಬೇಕು ಎನ್ನಬಹುದು. ಒಪ್ಪತಕ್ಕ ಮಾತೇ. ಆದರೂ ಒದ್ದೆ ಹುಲ್ಲಿನಲ್ಲಿ ಗಕ್ಕನೆ ತಿರುಗುವವನನ್ನು ಜಾರದಂತೆ ಹಿಡಿಯುವುದು ಅಟ್ಟೆಯಡಿಯ ಸ್ಟಡ್. 1954ರ ವಿಶ್ವಕಪ್ ಫೈನಲ್ ದಿನ ಬರ್ನ್‌ನಲ್ಲಿ ಮಳೆ ಹಿಡಿದಾಗ ಪಶ್ಚಿಮ ಜರ್ಮನಿಯವರು ತಿರುಪಿನ ಉದ್ದ ಸ್ಟಡ್ ಹಾಕಿಕೊಂಡು ಹಂಗೆರಿಯನ್ನು 3-2ರಿಂದ ಸೋಲಿಸಿದರು.