ಸಾರ್ವಜನಿಕ ಶಾಲೆಗಳಲ್ಲಿ ಯೆಹೂದ್ಯದ್ವೇಷ: ಅಮೆರಿಕದ ಶಾಸನದಲ್ಲಿ ‘ಜನಾಂಗ’ ಪದದ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾರ್ವಜನಿಕ ಶಾಲೆಗಳಲ್ಲಿ ಯೆಹೂದ್ಯ ವಿದ್ಯಾರ್ಥಿಗಳಿಗೆ ರಕ್ಷೆಯಾಗಿರುವ ಮುಖ್ಯ ವಿಧಿ 1964ರ ಪೌರಹಕ್ಕುಗಳ ಅಧಿನಿಯಮದ 6ನೆಯ ಅಧ್ಯಾಯ. ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ಸಂಸ್ಥೆಗಳು ಜನಾಂಗ, ವರ್ಣ, ರಾಷ್ಟ್ರಮೂಲಗಳ ಕಾರಣದಿಂದ ಭೇದವೆಣಿಸಕೂಡದೆಂದು ಅದು ಶಾಸಿಸುತ್ತದೆ. ಮತದ ಹೆಸರು ಅದರಲ್ಲಿಲ್ಲ. ಅದೇ ಅಧಿನಿಯಮದ 4ನೆಯ ಅಧ್ಯಾಯ ಮತವನ್ನು ಹೆಸರಿಸುವುದಾದರೂ ಅನುದಾನವನ್ನು ತಡೆಹಿಡಿಯುವ ಬಲ 6ನೆಯದರದು. ಹೀಗಿರಲು ಯೆಹೂದ್ಯ ವಿದ್ಯಾರ್ಥಿ ಯಾವ ಪದದ ಆಶ್ರಯದಲ್ಲಿ ನ್ಯಾಯ ಬೇಡಬೇಕು? ಈ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಪರಿಶೀಲಿಸುತ್ತೇವೆ.

‘ಜನಾಂಗ’ವೆಂಬ ಪದದ ನೆರಳು ಯೆಹೂದ್ಯರಿಗೆ ತಂಪಾದುದಲ್ಲ. 1933ರ ಏಪ್ರಿಲ್ 25ರ ಜರ್ಮನ್ ಶಾಸನವೂ ಅದರ ನಿಯಮಗಳೂ ಪ್ರೌಢಶಾಲೆ, ವಿಶ್ವವಿದ್ಯಾನಿಲಯಗಳ ಹೊಸ ಪ್ರವೇಶದಲ್ಲಿ ‘ಆರ್ಯೇತರ’ರ ಪಾಲನ್ನು ಶೇಕಡ 1.5ಕ್ಕೆ ಮಿತಿಗೊಳಿಸಿದವು. 1938ರ ನವೆಂಬರಿನಲ್ಲಿ ಯೆಹೂದ್ಯ ಮಕ್ಕಳನ್ನು ಜರ್ಮನ್ ಶಾಲೆಗಳಿಂದಲೇ ಹೊರದೂಡಲಾಯಿತು.

ಆದರೂ ಅಮೆರಿಕದಲ್ಲಿ ರಕ್ಷಣೆ ದೊರೆತುದು ಇದೇ ಪದದ ಮೂಲಕ. 1982ರಲ್ಲಿ ಮೇರಿಲ್ಯಾಂಡಿನ ಶಾರೆ ತೆಫಿಲಾ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ದುಷ್ಕರ್ಮಿಗಳು ದ್ವೇಷದ ಬರಹಗಳನ್ನು ಬಳಿದರು. ಇಂದು ಯೆಹೂದ್ಯರನ್ನು ಪ್ರತ್ಯೇಕ ಜನಾಂಗವೆಂದು ಎಣಿಸುವುದಿಲ್ಲವೆಂದು ಕೆಳಗಿನ ನ್ಯಾಯಾಲಯಗಳು ದಾವೆಯನ್ನು ತಳ್ಳಿಹಾಕಿದವು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಶ್ನೆಯ ಕಾಲವನ್ನೇ ಬದಲಿಸಿತು. ದಾವೆಗೆ ಆಧಾರವಾದ 1866ರ ಶಾಸನವನ್ನು ರಚಿಸಿದವರು ಯೆಹೂದ್ಯರನ್ನು ಭಿನ್ನ ಜನಾಂಗವೆಂದು ಭಾವಿಸಿದ್ದುದರಿಂದ ಆ ಶಾಸನದ ರಕ್ಷಣೆ ಅವರಿಗುಂಟೆಂದು ತೀರ್ಪಾಯಿತು.

ಈ ತೀರ್ಪು ಶಾಲೆಗಳಿಗೆ ಸಂಬಂಧಿಸಿದುದಲ್ಲ. ಆದರೆ ವಂಶಮೂಲದ ವಿಚಾರ ಮುಂದೆ ಶಿಕ್ಷಣ ಕ್ಷೇತ್ರವನ್ನೂ ಪ್ರವೇಶಿಸಿತು. ಸಮಾನ ಮತವುಳ್ಳವರೆಂಬ ಮಾತ್ರಕ್ಕೆ ಸಮಾನ ವಂಶಮೂಲದವರಿಗೆ 6ನೆಯ ಅಧ್ಯಾಯದ ರಕ್ಷಣೆ ತಪ್ಪದೆಂದು 2010ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಶಾಲೆಗಳಿಗೆ ತಿಳಿಸಿತು. ಮುಸ್ಲಿಮರಿಗೂ ಸಿಖ್ಖರಿಗೂ ಈ ತತ್ತ್ವ ಅನ್ವಯಿಸುವುದೆಂದು ಆ ಪತ್ರದಲ್ಲಿಯೇ ಹೇಳಿದೆ. ಇದರ ಬಲ ನ್ಯೂಯಾರ್ಕ್ ರಾಜ್ಯದ ಪೈನ್ ಬುಷ್ ಶಾಲಾ ಜಿಲ್ಲೆಯ ಮೊಕದ್ದಮೆಯಲ್ಲಿ ಕಂಡುಬಂದಿತು. ಸಹಪಾಠಿಗಳ ಯೆಹೂದ್ಯದ್ವೇಷದ ಕಿರುಕುಳವನ್ನು ಅಧಿಕಾರಿಗಳು ಬಲ್ಲವರಾಗಿಯೂ ಉಪೇಕ್ಷಿಸಿದರೆಂದು ಪೋಷಕರು 2012ರಲ್ಲಿ ದಾವೆ ಹೂಡಿದರು. ಅದು ವಿಚಾರಣೆಗೆ ಯೋಗ್ಯವೆಂದು 2014ರಲ್ಲಿ ನ್ಯಾಯಾಲಯ ನಿರ್ಣಯಿಸಿತು. 2015ರಲ್ಲಿ 44.8 ಲಕ್ಷ ಡಾಲರುಗಳ ರಾಜಿಯಾಯಿತು.

2025ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಯೆಹೂದ್ಯದ್ವೇಷವನ್ನು ನೇರವಾಗಿ ಹೆಸರಿಸಿ, ಅದರ ನಿವಾರಣೆಗೆ ಅಧಿಕಾರಿಯೊಬ್ಬನನ್ನು ನೇಮಿಸುವ ಶಾಸನವನ್ನು ಮಾಡಿತು. ಬೋಧನಸ್ವಾತಂತ್ರ್ಯಕ್ಕೆ ಅದು ಕುಂದೆಂಬ ಆಕ್ಷೇಪವೂ ಎದ್ದಿತು. ಮಗುವಿನ ಅಭಯ, ಗುರುವಿನ ವಾಕ್ಸ್ವಾತಂತ್ರ್ಯ ಎರಡನ್ನೂ ಕಾಯುವುದು ಸುಲಭಸಾಧ್ಯವಲ್ಲ. ಆದರೆ ಬಹಿಷ್ಕಾರಕ್ಕೆ ಸಾಧನವಾಗಿದ್ದ ಪದವೊಂದು ರಕ್ಷಣೆಗೂ ಸಾಧನವಾದುದನ್ನು ನೋಡಿದರೆ, ಶಾಸನದ ಅರ್ಥವನ್ನು ಅದರ ಅಕ್ಷರದಲ್ಲಿ ಮಾತ್ರವಲ್ಲದೆ ಉದ್ದೇಶದಲ್ಲಿಯೂ ಅರಸಬೇಕೆಂಬುದು ವ್ಯಕ್ತವಾಗುತ್ತದೆ.