ಮೊದಲ ಏಟಿಗೆ ಯಾರ ಒಪ್ಪಿಗೆ? ‘ಕ್ಯಾರೊಲಿನ್’ ಪ್ರಕರಣದಿಂದ ಬಾಲಾಕೋಟ್‌ವರೆಗೆ

1837ರ ಡಿಸೆಂಬರ್ 29ರ ರಾತ್ರಿ ಬ್ರಿಟಿಷ್ ಪಡೆಯೊಂದು ಕೆನಡಾದ ದಡದಿಂದ ದೋಣಿಗಳಲ್ಲಿ ನಯಾಗರ ನದಿ ದಾಟಿ, ಅಮೆರಿಕದ ದಡದಲ್ಲಿ ಕಟ್ಟಿದ್ದ ‘ಕ್ಯಾರೊಲಿನ್’ ಎಂಬ ಉಗಿಹಡಗಿಗೆ ನುಗ್ಗಿತು. ಕೆನಡಾದ ಬಂಡುಕೋರರಿಗೆ ಆಳು, ಸಾಮಗ್ರಿ ಸಾಗಿಸುತ್ತಿದ್ದ ಹಡಗು ಅದು. ಪಡೆ ಅದಕ್ಕೆ ಬೆಂಕಿಯಿಟ್ಟು ಜಲಪಾತದ ಕಡೆಗೆ ತೇಲಿಬಿಟ್ಟಿತು. ಅಮೋಸ್ ಡರ್ಫಿ ಎಂಬ ಅಮೆರಿಕನ್ ಗುಂಡೇಟಿಗೆ ಬಲಿಯಾದ. ಇದು ಆತ್ಮರಕ್ಷಣೆ ಎಂದು ಬ್ರಿಟನ್ ವಾದಿಸಿದಾಗ, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ 1841ರಲ್ಲಿ ಕೊಟ್ಟ ಉತ್ತರವೇ ಆತ್ಮರಕ್ಷಣೆಗೆಂದು ಮೊದಲೇ ಹೊಡೆಯುವ ವಿಷಯದಲ್ಲಿ ಮೂಲಸೂತ್ರವಾಯಿತು. ಅಪಾಯ ತೀರಾ ಹತ್ತಿರದ್ದಾಗಿರಬೇಕು, ಬೇರೆ ದಾರಿ ಉಳಿದಿರಬಾರದು, ಯೋಚಿಸಲೂ ಪುರುಸೊತ್ತಿರಬಾರದು. ಪ್ರತಿಕ್ರಿಯೆಯೂ ಮಿತಿ ಮೀರಬಾರದು. ಇದರ ತಿರುಳು ಕಾಲಾವಕಾಶ. ಒಪ್ಪಿಗೆ ಕೇಳಲು ಸಮಯವಿದ್ದವನು ಕೇಳದೆ ಹೊಡೆದರೆ ಅದನ್ನು ಆತ್ಮರಕ್ಷಣೆ ಎನ್ನಲಾಗದು.

1945ರ ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗವನ್ನೇ ನಿಷೇಧಿಸಿತು. ಸಶಸ್ತ್ರ ದಾಳಿ ನಡೆದಾಗ ಆತ್ಮರಕ್ಷಣೆಯ ಹಕ್ಕನ್ನು 51ನೇ ವಿಧಿ ಉಳಿಸಿಕೊಟ್ಟಿತು. ಅಲ್ಲಿ ಮುಂಗಡ ಅನುಮತಿಯ ಷರತ್ತಿಲ್ಲ, ಆದರೆ ಕೈಗೊಂಡ ಕ್ರಮವನ್ನು ಕೂಡಲೇ ಭದ್ರತಾ ಮಂಡಳಿಗೆ ವರದಿ ಮಾಡಬೇಕು. ದಾಳಿ ಇನ್ನೇನು ನಡೆಯಲಿದೆ ಎಂಬಾಗ ಏನು ಮಾಡಬೇಕು ಎಂಬುದರ ಬಗ್ಗೆ ಸನ್ನದು ಮೌನವಾಗಿದೆ. ನ್ಯಾಯವಾದಿಗಳ ಜಗಳವೆಲ್ಲ ಈ ಮೌನದ ಸುತ್ತಲೇ.

1981ರ ಜೂನ್ 7ರಂದು ಇಸ್ರೇಲಿನ 8 ಎಫ್-16 ವಿಮಾನಗಳು ಬಾಗ್ದಾದ್ ಬಳಿಯ ಒಸಿರಾಕ್ ಅಣುಸ್ಥಾವರವನ್ನು ಕೆಡವಿದವು. ಅಣ್ವಸ್ತ್ರ ಯುಗದಲ್ಲಿ ಆತ್ಮರಕ್ಷಣೆಯ ಅರ್ಥ ವಿಸ್ತರಿಸಬೇಕೆಂದು ಇಸ್ರೇಲಿನ ಪ್ರತಿನಿಧಿ ಯೆಹೂದಾ ಬ್ಲುಮ್ ಮಂಡಳಿಯಲ್ಲಿ ವಾದಿಸಿದರು. ಆದರೆ ಇರಾಕ್ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿತ್ತು, ಅದರ ಸ್ಥಾವರ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟಿತ್ತು. ಜೂನ್ 19ರಂದು ಮಂಡಳಿ 487ನೇ ನಿರ್ಣಯದಲ್ಲಿ ದಾಳಿಯನ್ನು ಅವಿರೋಧವಾಗಿ ಖಂಡಿಸಿತು. ಅಮೆರಿಕವೂ ಪರವಾಗಿ ಮತ ಹಾಕಿತು. ಇಸ್ರೇಲಿನ ಅಣುಕೇಂದ್ರಗಳೂ ತಪಾಸಣೆಗೆ ತೆರೆದುಕೊಳ್ಳಲಿ ಎಂದು ಅದೇ ನಿರ್ಣಯ ಕೇಳಿತು. ದಿಗ್ಬಂಧನವನ್ನು ಮಾತ್ರ ವಿಧಿಸಲಿಲ್ಲ. ಖಂಡನೆಯಷ್ಟಕ್ಕೇ ನಿಂತ ಕಾನೂನು ಎಷ್ಟು ಬಲಹೀನ ಎಂಬುದು ಅಂದೇ ಬಯಲಾಯಿತು ಎಂದು ನನಗನ್ನಿಸುತ್ತದೆ.

22 ವರ್ಷಗಳ ನಂತರ ಅದೇ ಅಮೆರಿಕ ಇರಾಕಿನ ಮೇಲೆ ಏರಿಹೋಯಿತು. ಅಲ್ಲಿನ ಅಸ್ತ್ರಗಳ ತಪಾಸಣೆಗೆ ಇನ್ನೂ ಕೆಲವು ತಿಂಗಳು ಬೇಕೆಂದು ವಿಶ್ವಸಂಸ್ಥೆಯ ತಪಾಸಕರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ 2003ರ ಮಾರ್ಚ್ 7ರಂದು ಮಂಡಳಿಗೆ ತಿಳಿಸಿದ್ದರು. ಅಂದರೆ ಸಮಯವಿತ್ತು. ಬೆಂಬಲ ಸಿಗದೆಂದು ಕಂಡ ಮೇಲೆ ಅಮೆರಿಕ, ಬ್ರಿಟನ್‌ಗಳು ತಮ್ಮ ಕರಡು ನಿರ್ಣಯವನ್ನು ಕೈಬಿಟ್ಟು ಯುದ್ಧಕ್ಕಿಳಿದವು. ಕಾರಣವಾಗಿ ತೋರಿಸಿದ ಅಸ್ತ್ರಸಂಗ್ರಹ ಸಿಗಲೇ ಇಲ್ಲ. ಪ್ರಾಣ ತೆತ್ತವರು ಇರಾಕಿನ ಸಾಮಾನ್ಯರು.

ಮರುವರ್ಷ ವಿಶ್ವಸಂಸ್ಥೆಯ ಉನ್ನತ ಮಟ್ಟದ ಸಮಿತಿ (ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್ ಅದರ ಸದಸ್ಯರಾಗಿದ್ದರು) ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ಅಪಾಯ ಕಣ್ಣೆದುರಿದ್ದರೆ ದೇಶ ತಾನೇ ಹೊಡೆಯಬಹುದು, ದೂರದ್ದಾದರೆ ಮಂಡಳಿಯ ಬಾಗಿಲಿಗೆ ಹೋಗಬೇಕು. 2019ರ ಫೆಬ್ರುವರಿ 26ರಂದು ಪಾಕಿಸ್ತಾನದ ಬಾಲಾಕೋಟ್ ಮೇಲೆ ಭಾರತ ನಡೆಸಿದ ವಾಯುದಾಳಿಯ ನಂತರ ನಮ್ಮ ಆಗಿನ ವಿದೇಶಾಂಗ ಕಾರ್ಯದರ್ಶಿ ವಿಜಯ್ ಗೋಖಲೆ ಬಳಸಿದ ಭಾಷೆಯೂ ಈ ಗೆರೆಯೊಳಗೇ ಇರಲು ಯತ್ನಿಸಿತ್ತು: ಉಗ್ರರ ಇನ್ನಷ್ಟು ಆತ್ಮಾಹುತಿ ದಾಳಿಗಳ ಸಿದ್ಧತೆಯ ಖಚಿತ ಮಾಹಿತಿ ಇತ್ತು, ಭಾರತದ ದಾಳಿ ಅನಿವಾರ್ಯವಾಗಿತ್ತು, ಗುರಿ ಪಾಕಿಸ್ತಾನದ ಸೇನೆಯಲ್ಲ. ಮುಂಗಡ ಒಪ್ಪಿಗೆಯನ್ನು ಭಾರತ ಕೇಳಲಿಲ್ಲ, ಕೇಳಬೇಕಿತ್ತೆಂದು ನಾನೂ ಹೇಳಲಾರೆ. ಆದರೆ ಇಂಥ ಮಾಹಿತಿಯನ್ನು ದಾಳಿಯ ಬಳಿಕವಾದರೂ ಪರಿಶೀಲನೆಗೆ ಒಡ್ಡುವ ಹೊಣೆಯಿಂದ ಯಾವ ದೇಶಕ್ಕೂ ವಿನಾಯಿತಿ ಇರಬಾರದು, ನಮ್ಮ ದೇಶಕ್ಕೂ.