ಕತ್ತಲೆಯ ದೇವರು, ಶಂಖದ ಸದ್ದು

1997ರ ಏಪ್ರಿಲ್ 22. ಪೆರು ದೇಶದ ರಾಜಧಾನಿ ಲಿಮಾ. ಜಪಾನ್ ರಾಯಭಾರಿಯ ನಿವಾಸದಲ್ಲಿ 72 ಒತ್ತೆಯಾಳುಗಳು. ಬಂಡುಕೋರರು ಮನೆಗೆ ನುಗ್ಗಿ 126 ದಿನ ಆಗಿತ್ತು. ಕಮಾಂಡೊಗಳು ನೆಲದಡಿ ಸುರಂಗ ಕೊರೆದು ಒಳಗೆ ಬಂದರು. ಅಗೆಯುವ ಸದ್ದು ಕೇಳಬಾರದು ಅಂತ ಹೊರಗೆ ಧ್ವನಿವರ್ಧಕದಲ್ಲಿ ಮಿಲಿಟರಿ ಬ್ಯಾಂಡ್ ಸಂಗೀತ ಹಾಕಿದ್ದರು. 71 ಜನ ಬದುಕಿ ಬಂದರು. 14 ಬಂಡುಕೋರರಲ್ಲಿ ಒಬ್ಬನೂ ಉಳಿಯಲಿಲ್ಲ.

ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಚವೀನ್ ದೆ ವಾಂತಾರ್’. ಆಂಡೀಸ್ ಬೆಟ್ಟಗಳಲ್ಲಿರುವ, ನೆಲದಡಿಯ ಓಣಿಗಳಿಗೇ ಪ್ರಸಿದ್ಧವಾದ ಸುಮಾರು ಮೂರು ಸಾವಿರ ವರ್ಷ ಹಳೆಯ ದೇವಸ್ಥಾನದ ಹೆಸರು ಅದು. ಇಂಕಾ ಸಾಮ್ರಾಜ್ಯ ಹುಟ್ಟುವುದಕ್ಕೂ ಎಷ್ಟೋ ಶತಮಾನ ಮೊದಲಿನದು.

ವಾರಾಸ್ ಪಟ್ಟಣದಿಂದ ಬೆಳಗ್ಗೆ ಹೊರಟರೆ ರಾತ್ರಿಯೊಳಗೆ ನೋಡಿಕೊಂಡು ಬರಬಹುದು. ಕೆರೊಕೊಚಾ ಸರೋವರ ದಾಟಿ ಬಸ್ಸು 4,500 ಮೀಟರ್ ಎತ್ತರದ ಸುರಂಗಕ್ಕೆ ಏರುತ್ತದೆ. ನನಗೆ ತಲೆ ಸಿಡಿಯುತ್ತಿತ್ತು. ಕೋಕಾ ಎಲೆಯ ಚಹಾ ಕುಡಿದೆ, ಸ್ವಲ್ಪ ವಾಸಿ ಅನ್ನಿಸಿತು.

ಎರಡು ನದಿಗಳು ಸೇರುವ ಕಣಿವೆಯಲ್ಲಿ ಕಲ್ಲಿನ ಕಟ್ಟಡ. ಒಂದು ಕಾಲಕ್ಕೆ ಹೊರಗೋಡೆಯ ತುಂಬಾ ಕಲ್ಲಿನ ತಲೆಗಳಿದ್ದವು. ಮನುಷ್ಯನ ಮುಖ ಹಂತಹಂತವಾಗಿ ಕೋರೆಹಲ್ಲಿನ ಮೃಗವಾಗುವ ತಲೆಗಳು. ಈಗ ಜಾಗದಲ್ಲೇ ಉಳಿದಿರೋದು ಒಂದೇ ಒಂದು. ಪುರಾತತ್ವಜ್ಞ ಹೂಲಿಯೊ ತೆಯ್ಯೊ 1919ರಲ್ಲಿ ಇಲ್ಲಿಗೆ ಬಂದು ಈ ಜಾಗವನ್ನು ಲೋಕಕ್ಕೆ ಪರಿಚಯಿಸಿದರು. 1945ರಲ್ಲಿ ಮಣ್ಣು-ನೀರಿನ ಪ್ರವಾಹ ಬಹುಭಾಗವನ್ನು ಹೂತುಹಾಕಿತು. ಮತ್ತೆ ಅಗೆದು ತೆಗೆದರು.

ಒಳಗೆ ಇಕ್ಕಟ್ಟಾದ ಓಣಿ, ತಿರುವು, ಮತ್ತೆ ತಿರುವು. ಕೊನೆಗೆ ಓಣಿಗಳು ಕೂಡುವಲ್ಲಿ ಲಾನ್ಸೋನ್. ನಾಲ್ಕೂವರೆ ಮೀಟರ್ ಎತ್ತರದ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿದ ದೇವರು. ಹಾವಿನ ಕೂದಲು, ಕೋರೆಹಲ್ಲು, ಒಂದು ಕೈ ಮೇಲೆ, ಒಂದು ಕೆಳಗೆ. ನಗುತ್ತಿದೆಯೋ ಗುರುಗುಟ್ಟುತ್ತಿದೆಯೋ ಗೊತ್ತಾಗಲ್ಲ.

ಎಂಜಿನಿಯರಿಂಗ್ ಓದಿದವನಿಗೆ ದೇವರಿಗಿಂತ ಮೊದಲು ಕಂಡಿದ್ದು ಕಾಲುವೆಗಳು, ಗಾಳಿಕಿಂಡಿಗಳು. ಅಡಿಯಲ್ಲಿ ನೀರು ಹರಿಸಿ ಇಡೀ ಕಟ್ಟಡವನ್ನೇ ಗರ್ಜಿಸುವಂತೆ ಮಾಡುತ್ತಿದ್ದರು ಅಂತ ಲೂಯಿಸ್ ಲುಂಬ್ರೆರಾಸ್ ಮತ್ತು ಸಂಗಡಿಗರು ವಾದಿಸಿದರು. 2001ರಲ್ಲಿ ಜಾನ್ ರಿಕ್ ತಂಡಕ್ಕೆ ಒಂದು ಓಣಿಯಲ್ಲಿ 20 ಶಂಖಗಳು ಸಿಕ್ಕವು. ನಮ್ಮ ದೇವಸ್ಥಾನದಲ್ಲಿ ಊದೋ ಥರದ್ದೇ, ಆದರೆ ಅಲ್ಲಿನ ಬೆಚ್ಚಗಿನ ಸಮುದ್ರದ್ದು. ಬಳಸಿ ಬಳಸಿ ನುಣುಪಾಗಿವೆ. ದೇವರ ಕೋಣೆಗೂ ಹೊರಗಿನ ದುಂಡು ಅಂಗಳಕ್ಕೂ ನಡುವಿನ ಕಿಂಡಿ ಈ ಶಂಖದ ದನಿಯನ್ನು ಚೆನ್ನಾಗಿ ಸಾಗಿಸುತ್ತದೆ ಅಂತ ಧ್ವನಿ ಪರೀಕ್ಷೆ ಮಾಡಿದವರು ತೋರಿಸಿದ್ದಾರೆ. ಇದರ ಜೊತೆಗೆ ಸ್ಯಾನ್ ಪೆಡ್ರೊ ಅನ್ನೋ ಮತ್ತು ಬರಿಸುವ ಕಳ್ಳಿ ಗಿಡ. ಅದನ್ನು ಕೈಲಿ ಹಿಡಿದ ಆಕೃತಿ ಇಲ್ಲಿನ ಕಲ್ಲಿನ ಮೇಲೇ ಇದೆ.

ಯೋಚಿಸಿ ವೀಕ್ಷಕರೇ. ದೂರದ ಕರಾವಳಿಯಿಂದ ದಿನಗಟ್ಟಲೆ ನಡೆದು ಬಂದ ಭಕ್ತ. ಕತ್ತಲು. ತಲೆಯೊಳಗೆ ಕಳ್ಳಿ ರಸ. ಎಲ್ಲಿಂದ ಅಂತಲೇ ತಿಳಿಯದ ಶಂಖದ ಸದ್ದು. ಆಮೇಲೆ ಒಂದು ಚೂರು ಬೆಳಕಿನಲ್ಲಿ ಆ ಮುಖ! ಅವನನ್ನು ಬಗ್ಗಿಸಲು ಸೈನ್ಯ ಯಾಕೆ ಬೇಕು?

ಅಲ್ಲಿ ನಿಂತಾಗ ನನಗೆ ನಮ್ಮ ಸ್ಟುಡಿಯೋ ನೆನಪಾಯಿತು. ಒಂದು ಪ್ರವಾಹದ ದಿನ ಹಳೇ ದೃಶ್ಯಕ್ಕೆ ಸೈರನ್ ಸದ್ದು ಸೇರಿಸಿ ಅರ್ಧ ಗಂಟೆ ಓಡಿಸಿದ್ದೆವು. ಸದ್ದು ಇನ್ನೂ ಏರಿಸಿ ಅಂದವನು ನಾನೇ. ಆಫೀಸಿಗೆ ಒಬ್ಬ ಅಜ್ಜಿ ಫೋನ್ ಮಾಡಿದ್ದರು: “ನಮ್ಮೂರು ಮುಳುಗೋಯ್ತೇನಪ್ಪಾ? ಮಗ ಅಲ್ಲೇ ಅವ್ನೆ.” ಅವರ ಊರಲ್ಲಿ ಮಳೆಯೇ ಬಂದಿರಲಿಲ್ಲ.

ಚವೀನ್‌ನ ಪೂಜಾರಿಗಳು ತಾವು ತೋರಿಸಿದ್ದನ್ನು ತಾವೂ ನಂಬಿದ್ದರೋ ಏನೋ. ನಾನಂತೂ ನಂಬಿರಲಿಲ್ಲ. ಹೊರಗೆ ಬಂದಾಗ ಸಂಜೆ ಬಿಸಿಲು ಗೋಡೆಯ ಮೇಲಿದ್ದ ಆ ಒಂಟಿ ತಲೆಗೆ ಬಿದ್ದಿತ್ತು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.